ಜೈಲಿನ ಹೊರಗೆ ಉಳಿದ ಮಗು: ಬಂಧನದಲ್ಲಿರುವ ತಂದೆತಾಯಿಯ ನಂಟನ್ನು ಉಳಿಸುವ ಬಗೆ

ಬದುಕುವ ಹಕ್ಕೆಂದರೆ ಉಸಿರಾಡಿಕೊಂಡಿರುವ ಹಕ್ಕು ಮಾತ್ರವಲ್ಲ, ಮನುಷ್ಯ ಘನತೆಯಿಂದ ಬಾಳುವ ಹಕ್ಕು ಎಂದು ವಾದಿಸುವಾಗ ನಮ್ಮ ವಕೀಲರು ತಪ್ಪದೆ ಉಲ್ಲೇಖಿಸುವ ತೀರ್ಪುಗಳಲ್ಲಿ ಒಂದು, 1981ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದ ತೀರ್ಪು. ಅಷ್ಟು ದೊಡ್ಡ ಮಾತು ಎಷ್ಟು ಸಣ್ಣ ತಕರಾರಿನಿಂದ ಹುಟ್ಟಿತು ಎಂಬುದನ್ನು ಮಾತ್ರ ನೆನಪಿಟ್ಟುಕೊಂಡವರು ಕಡಿಮೆ. ದೆಹಲಿಯ ತಿಹಾರ್ ಜೈಲಿನಲ್ಲಿ ಮುನ್ನೆಚ್ಚರಿಕೆ ಬಂಧನದಲ್ಲಿದ್ದ ಬ್ರಿಟಿಷ್ ಮಹಿಳೆಗೆ ಸುಮಾರು ಐದು ವರ್ಷದ ಮಗಳಿದ್ದಳು. ಆ ಮಗುವನ್ನು ಆಕೆಯ ಸಹೋದರಿ ನೋಡಿಕೊಳ್ಳುತ್ತಿದ್ದರು. ಬಂಧನದ ಷರತ್ತಿನ ಪ್ರಕಾರ ಮನೆಯವರನ್ನು ಕಾಣಲು ಆಕೆಗಿದ್ದ ಅವಕಾಶ ತಿಂಗಳಿಗೆ ಒಂದೇ ಸಲ. ಅದೇ ಜೈಲಿನ ವಿಚಾರಣಾಧೀನ ಕೈದಿಗಳಿಗೆ ವಾರಕ್ಕೆ ಎರಡು ಸಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಆ ಷರತ್ತನ್ನು ರದ್ದುಪಡಿಸಿ, ಆಕೆಗೂ ವಾರಕ್ಕೆ ಕನಿಷ್ಠ ಎರಡು ಭೇಟಿಗೆ ಅವಕಾಶ ಕೊಡಬೇಕೆಂದು ಹೇಳಿತು. ಮನೆಯವರನ್ನೂ ಸ್ನೇಹಿತರನ್ನೂ ಕಾಣುವುದು ಬದುಕುವ ಹಕ್ಕಿನ ಒಳಗೇ ಬರುತ್ತದೆ ಎಂಬುದು ಅದರ ನಿಲುವಾಗಿತ್ತು.

ಆ ತೀರ್ಪಿನಲ್ಲಿ ಗೆದ್ದವಳು ತಾಯಿ. ಮಗಳಿಗೂ ಲಾಭವಾಯಿತು, ಆದರೆ ತಾಯಿಯ ಹಕ್ಕಿನ ನೆರಳಿನಲ್ಲಿ. ನಮ್ಮ ಕಾರಾಗೃಹ ವ್ಯವಸ್ಥೆ ಈಗಲೂ ಬಹುಮಟ್ಟಿಗೆ ಹಾಗೆಯೇ ಯೋಚಿಸುತ್ತದೆ: ಭೇಟಿ, ಫೋನು, ಪತ್ರ, ಪೆರೋಲ್ ಇವೆಲ್ಲ ಕೈದಿಗೆ ಸಿಗುವ ಸೌಲಭ್ಯಗಳು, ನಡತೆ ಚೆನ್ನಾಗಿದ್ದರೆ ಕೊಡಬಹುದು, ಕೆಟ್ಟರೆ ಕಿತ್ತುಕೊಳ್ಳಬಹುದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದನ್ನು ತಿರುಗಿಸಿ ನೋಡುತ್ತದೆ. 1992ರ ಡಿಸೆಂಬರಿನಲ್ಲಿ ಭಾರತವೂ ಒಪ್ಪಿಕೊಂಡ ಆ ಒಡಂಬಡಿಕೆಯ 9ನೇ ವಿಧಿಯ ಪ್ರಕಾರ, ತಂದೆ ಅಥವಾ ತಾಯಿಯಿಂದ ಬೇರೆಯಾದ ಮಗುವಿಗೆ ಅವರೊಂದಿಗೆ ನಿಯತವಾಗಿ ನೇರ ಸಂಪರ್ಕ ಇಟ್ಟುಕೊಳ್ಳುವ ಹಕ್ಕಿದೆ. ಮಗುವಿನ ಹಿತಕ್ಕೆ ಅದು ವಿರುದ್ಧವಾದಾಗ ಮಾತ್ರ ಅದನ್ನು ತಡೆಯಬಹುದು. ಬೇರ್ಪಡಿಕೆಗೆ ಸರ್ಕಾರವೇ ಮಾಡಿದ ಬಂಧನ ಅಥವಾ ಸೆರೆವಾಸ ಕಾರಣವಾಗಿದ್ದರೆ, ಕೇಳಿದಾಗ ಆ ವ್ಯಕ್ತಿ ಎಲ್ಲಿದ್ದಾನೆಂದು ತಿಳಿಸುವ ಹೊಣೆಯನ್ನೂ ಅದೇ ವಿಧಿ ಸರ್ಕಾರದ ಮೇಲೆ ಹೊರಿಸುತ್ತದೆ. ಹಕ್ಕು ಯಾರದ್ದು ಎಂಬುದು ಬರಿಯ ಮಾತಿನ ವ್ಯತ್ಯಾಸವಲ್ಲ. ಭೇಟಿ ಮಗುವಿನ ಹಕ್ಕಾದರೆ, ಬ್ಯಾರಕ್‌ನಲ್ಲಿ ಜಗಳವಾಡಿದ ತಂದೆಗೆ ಒಂದು ತಿಂಗಳು ಭೇಟಿ ನಿಲ್ಲಿಸುವುದೆಂದರೆ ಜಗಳವನ್ನೇ ಆಡದ ಮಗುವಿಗೂ ಶಿಕ್ಷೆ ಕೊಟ್ಟಂತೆ. ನೆಲ್ಸನ್ ಮಂಡೇಲಾ ನಿಯಮಗಳೆಂದು ಕರೆಯುವ, 2015ರಲ್ಲಿ ಪರಿಷ್ಕೃತವಾದ ವಿಶ್ವಸಂಸ್ಥೆಯ ಕಾರಾಗೃಹ ನಿಯಮಗಳು ಈ ಕಾರಣಕ್ಕಾಗಿಯೇ ಕುಟುಂಬ ಸಂಪರ್ಕದ ನಿಷೇಧವನ್ನು ಶಿಸ್ತುಕ್ರಮವಾಗಿ ಬಳಸಕೂಡದೆಂದು ಹೇಳುತ್ತವೆ.

ಮೊದಲಿಗೆ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಡಿಸೆಂಬರ್ 31ರಂದು ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ ಮಹಿಳೆಯರು 23,772. ಆ ದಿನ 1,537 ಮಹಿಳೆಯರು ತಮ್ಮ 1,764 ಮಕ್ಕಳೊಂದಿಗೆ ಜೈಲಿನಲ್ಲಿದ್ದರು. ಈ ಮಕ್ಕಳಲ್ಲಿ 1,479 ಮಕ್ಕಳ ತಾಯಂದಿರು ವಿಚಾರಣಾಧೀನರು. ಅಂದರೆ ಜೈಲಿನೊಳಗಿರುವ ಪ್ರತಿ ಆರು ಮಕ್ಕಳಲ್ಲಿ ಐದು ಮಕ್ಕಳ ತಾಯಿಯ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಉಳಿದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಹೊರಗೆ ಎಷ್ಟು ಮಕ್ಕಳಿದ್ದಾರೆ, ಸುಮಾರು 5,49,000 ಪುರುಷ ಕೈದಿಗಳಲ್ಲಿ ಎಷ್ಟು ಜನ ತಂದೆಯಂದಿರು, ಅವರ ಮಕ್ಕಳ ವಯಸ್ಸೆಷ್ಟು, ಅವರು ಯಾರ ಮನೆಯಲ್ಲಿದ್ದಾರೆ ಎಂಬುದು ಆ ವಾರ್ಷಿಕ ವರದಿಯ ಯಾವ ಕೋಷ್ಟಕದಲ್ಲೂ ಇಲ್ಲ. ಕೈದಿಯ ವಯಸ್ಸು, ಓದು, ಊರು, ಧರ್ಮ ಎಲ್ಲವನ್ನೂ ಬರೆದುಕೊಳ್ಳುವ ವ್ಯವಸ್ಥೆ ಮಕ್ಕಳನ್ನು ಎಣಿಸುವುದು ಅವರು ಗೇಟಿನ ಒಳಗೆ ಬಂದರೆ ಮಾತ್ರ.

ಒಳಗಿರುವ ಮಕ್ಕಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಸ್ಪಷ್ಟವಾದ ಕಾನೂನೇ ಇದೆ. 2006ರ ಏಪ್ರಿಲ್‌ನಲ್ಲಿ ಆರ್.ಡಿ. ಉಪಾಧ್ಯಾಯ ವಿರುದ್ಧ ಆಂಧ್ರಪ್ರದೇಶ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಗಳನ್ನು ಓದಿದರೆ, ಯಾರೋ ಮಗುವಿನ ಎತ್ತರಕ್ಕೆ ಬಗ್ಗಿ ಜೈಲನ್ನು ನೋಡಿದ್ದಾರೆ ಅನ್ನಿಸುತ್ತದೆ. ತಾಯಿಯೊಂದಿಗಿರುವ ಮಗುವನ್ನು ಕೈದಿಯೆಂದು ಪರಿಗಣಿಸಕೂಡದು. ಆಹಾರ, ಬಟ್ಟೆ, ವೈದ್ಯಕೀಯ ಆರೈಕೆ, ಕಲಿಕೆ, ಆಟ ಅದರ ಹಕ್ಕು. ಹೆರಿಗೆಯನ್ನು ಸಾಧ್ಯವಾದಷ್ಟು ಜೈಲಿನ ಹೊರಗೆ ಮಾಡಿಸಬೇಕು. ಮಗು ಜೈಲಿನಲ್ಲೇ ಹುಟ್ಟಿದರೂ ಜನನ ಪ್ರಮಾಣಪತ್ರದಲ್ಲಿ ಜೈಲಿನ ಹೆಸರು ಬರಬಾರದು, ಆ ಬಡಾವಣೆಯ ವಿಳಾಸ ಮಾತ್ರ ಇರಬೇಕು. ನಾಮಕರಣಕ್ಕೆ ಅನುಕೂಲ ಮಾಡಿಕೊಡಬೇಕು. ಮೂರು ವರ್ಷದೊಳಗಿನವರಿಗೆ ಶಿಶುಪಾಲನಾ ಕೇಂದ್ರ, ಮೂರರಿಂದ ಆರರವರಿಗೆ ಶಿಶುವಿಹಾರ ಇರಬೇಕು. ಅವು ಜೈಲಿನ ಗೋಡೆಯ ಹೊರಗಿದ್ದರೆ ಉತ್ತಮ. ಈ ಕಡೆಯ ಮಾತಿಗೆ ಬಲವಾದ ಕಾರಣವಿತ್ತು. ಜೈಲಿನಲ್ಲಿ ಬೆಳೆದ ಮಕ್ಕಳಿಗೆ ಮನೆ ಎಂದರೆ ಏನೆಂದೇ ತಿಳಿದಿರಲಿಲ್ಲ, ರಸ್ತೆಯಲ್ಲಿ ದನಕರುಗಳನ್ನು ಕಂಡರೆ ಅವರು ಹೆದರುತ್ತಿದ್ದರು ಎಂದು ಮಹಾರಾಷ್ಟ್ರದ ಜೈಲುಗಳಲ್ಲಿ ನಡೆದ ಅಧ್ಯಯನವೊಂದನ್ನು ತೀರ್ಪು ಉಲ್ಲೇಖಿಸುತ್ತದೆ. ಹೆಂಗಸರ ನಡುವೆಯೇ ಬೆಳೆದ ಗಂಡುಮಕ್ಕಳು ಸ್ತ್ರೀಲಿಂಗದಲ್ಲಿ ಮಾತನಾಡುತ್ತಿದ್ದರೆಂಬ ಅವಲೋಕನವೂ ಅಲ್ಲಿದೆ. ಹಿಂದಿ, ಮರಾಠಿಗಳಲ್ಲಿ 'ನಾನು ಹೋಗುತ್ತೇನೆ' ಎನ್ನುವಾಗಲೂ ಕ್ರಿಯಾಪದಕ್ಕೆ ಲಿಂಗವಿರುವುದರಿಂದ ಅದು ಕಿವಿಗೆ ಬಿದ್ದಿತು. ಕನ್ನಡದ 'ಹೋಗುತ್ತೇನೆ'ಯಲ್ಲಿ ಹೆಣ್ಣುಗಂಡಿನ ಭೇದವಿಲ್ಲವಾದ್ದರಿಂದ ನಮ್ಮ ಜೈಲಿನ ಮಗುವಿನಲ್ಲಿ ಇಂಥದೇ ಕೊರತೆಯಿದ್ದರೂ ಅದು ಕೇಳಿಸದೆ ಹೋಗಬಹುದು.

ತೀರ್ಪಿನ ಪ್ರಕಾರ ಮಗು ತಾಯಿಯೊಂದಿಗಿರಬಹುದಾದದ್ದು ಆರು ವರ್ಷ ತುಂಬುವವರೆಗೆ. ಆಮೇಲೆ ತಾಯಿ ಸೂಚಿಸಿದ ಸಂಬಂಧಿಕರಿಗೆ ಒಪ್ಪಿಸಬೇಕು; ಅಂಥವರಿಲ್ಲದಿದ್ದರೆ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಸಂಸ್ಥೆಗೆ ಕಳಿಸಬೇಕು. ಅಲ್ಲಿಯವರೆಗೆ ಒಂದು ರಾತ್ರಿಯೂ ತಾಯಿಯನ್ನು ಬಿಟ್ಟು ಮಲಗದ ಮಗು ಒಂದು ನಿಗದಿತ ದಿನಾಂಕದಂದು ಅವಳಿಂದ ಬೇರೆಯಾಗುತ್ತದೆ. ಬೇರೆ ಮಕ್ಕಳಿಗೆ ಕೇಕು ಕತ್ತರಿಸುವ ದಿನವಾದ ಹುಟ್ಟುಹಬ್ಬ ಈ ಮಗುವಿಗೆ ಗಡುವಾಗಿರುತ್ತದೆ. ಇದನ್ನು ಸುಲಭಗೊಳಿಸುವ ದಾರಿ ಒಂದೇ, ಬೇರ್ಪಡಿಕೆಯನ್ನು ಒಂದು ದಿನದ ಘಟನೆಯಾಗಲು ಬಿಡದೆ ಒಂದು ವರ್ಷದ ಕೆಲಸವಾಗಿ ಮಾಡುವುದು: ಐದನೇ ವರ್ಷದಿಂದಲೇ ಮಗು ಹಗಲಿನಲ್ಲಿ ಹೊರಗಿನ ಅಂಗನವಾಡಿಗೆ ಹೋಗಬೇಕು, ಮುಂದೆ ತನ್ನನ್ನು ಸಾಕುವ ಅಜ್ಜಿಯನ್ನೋ ಸಂಸ್ಥೆಯ ಆಯಾಳನ್ನೋ ತಾಯಿಯ ಎದುರಿನಲ್ಲೇ ಪರಿಚಯ ಮಾಡಿಕೊಳ್ಳಬೇಕು, ಒಂದೆರಡು ರಾತ್ರಿ ಅಲ್ಲಿ ಉಳಿದು ಮರಳಿ ಬರಬೇಕು. ಇಲ್ಲಿ ತೀರ್ಪಿನ ಇನ್ನೊಂದು ಸಾಲು ಬಹಳ ಮುಖ್ಯ. ಸಂಸ್ಥೆಗೆ ಸೇರಿದ ಮಗುವನ್ನು ಸಾಧ್ಯವಾದ ಮಟ್ಟಿಗೂ ಅದೇ ಊರಿನಲ್ಲಿ ಇಡಬೇಕು, ವಾರಕ್ಕೆ ಒಮ್ಮೆಯಾದರೂ ತಾಯಿಯನ್ನು ಕಾಣಿಸಬೇಕು, ಮತ್ತು ಜೈಲಿಗೆ ಮಗುವನ್ನು ಕರೆತರುವ ಹೊಣೆ ಸಮಾಜ ಕಲ್ಯಾಣ ಇಲಾಖೆಯದ್ದು. ಭೇಟಿಗೆ ಅನುಮತಿ ಕೊಟ್ಟು ಸುಮ್ಮನಾಗುವಂತಿಲ್ಲ, ಸರ್ಕಾರವೇ ಮಗುವನ್ನು ಕರೆತರಬೇಕು. ಬೆಂಗಳೂರಿನ ಸೋಕೇರ್‌ನಂತಹ ಸಂಸ್ಥೆಗಳು ಕೈದಿಗಳ ಮಕ್ಕಳನ್ನು ಇಟ್ಟುಕೊಂಡು ಓದಿಸುತ್ತಿವೆ. ಆದರೆ ತೀರ್ಪು ಹೊಣೆಯನ್ನು ಹೊರಿಸಿದ್ದು ದಾನಿಗಳ ಮೇಲಲ್ಲ, ಇಲಾಖೆಯ ಮೇಲೆ.

ತಂದೆ ಜೈಲಿನಲ್ಲಿದ್ದು ಮಗು ಹೊರಗಿರುವ ಸಂದರ್ಭಕ್ಕೆ ಇಷ್ಟು ವಿವರವಾದ ತೀರ್ಪು ನಮ್ಮಲ್ಲಿಲ್ಲ. ಸಂಖ್ಯೆಯಲ್ಲಿ ಅಂಥ ಮಕ್ಕಳೇ ಬಹುಪಾಲು ಎಂಬುದು ಮೇಲಿನ ಲೆಕ್ಕದಿಂದ ಯಾರಿಗಾದರೂ ಹೊಳೆಯುತ್ತದೆ. ಈ ಮಕ್ಕಳ ನಂಟು ಕಡಿದುಹೋಗುವುದು ಕಂಬಿಗಳಿಂದಲ್ಲ, ಅದಕ್ಕಿಂತ ಸಾಮಾನ್ಯವಾದ ಸಂಗತಿಗಳಿಂದ. ಜೈಲಿನ ಕಾಗದಗಳಲ್ಲಿ 'ಸಂದರ್ಶನ', ಜನರ ಬಾಯಲ್ಲಿ 'ಮುಲಾಖತ್' ಆಗಿರುವ ಭೇಟಿಯ ದಿನವನ್ನು ಮಗುವಿನ ಕಡೆಯಿಂದ ನೋಡಿದರೆ ಇದು ತಿಳಿಯುತ್ತದೆ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಜ್ಜಿಯೊಂದಿಗಿರುವ ನಾಲ್ಕು ವರ್ಷದ ಹುಡುಗಿಯ ತಂದೆ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲೋ ಬೆಳಗಾವಿಯ ಹಿಂಡಲಗಾದಲ್ಲೋ ಇದ್ದಾನೆಂದುಕೊಳ್ಳೋಣ. ಅಜ್ಜಿ ಒಂದು ದಿನದ ಕೂಲಿ ಬಿಡಬೇಕು, ಪ್ರಯಾಣ ಸೇರಿದರೆ ಎರಡು ದಿನದ್ದು. ರಾತ್ರಿ ಬಸ್ಸು, ಬೆಳಗ್ಗೆ ಸಾಲು, ಗುರುತಿನ ಚೀಟಿ, ಹೆಸರು ಬರೆಸುವುದು, ತಪಾಸಣೆ, ಮತ್ತೆ ಕಾಯುವುದು. ಕೊನೆಗೆ ಸಿಗುವುದು ಕೆಲವು ನಿಮಿಷ. ಅನೇಕ ಜೈಲುಗಳ ಸಂದರ್ಶನ ಕೊಠಡಿಯಲ್ಲಿ ನಡುವೆ ಜಾಲರಿಯೋ ಗಾಜೋ ಇರುತ್ತದೆ; ಗಾಜಿದ್ದಲ್ಲಿ ಮಾತು ಇಂಟರ್‌ಕಾಂ ಮೂಲಕ, ಜಾಲರಿಯಿದ್ದಲ್ಲಿ ಅಕ್ಕಪಕ್ಕದವರ ಕೂಗಿನ ಮೇಲೆ ಕೂಗಿ. ದೊಡ್ಡವರು ಜಾಮೀನು, ವಕೀಲರ ಫೀಸು, ಮುಂದಿನ ತಾರೀಕು ಎಂದು ಮಾತನಾಡುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮಗು ಮಾತನಾಡಲಿಲ್ಲ, ಅಪ್ಪನ ಕಡೆ ನೋಡಲೂ ಇಲ್ಲ ಎಂದು ತಂದೆ ನೊಂದುಕೊಳ್ಳುತ್ತಾನೆ, 'ಇನ್ನು ಮಗುವನ್ನು ಕರೆತರಬೇಡಿ' ಎನ್ನುತ್ತಾನೆ. ನಾಲ್ಕು ವರ್ಷದ ಮಗು ಗಾಜಿನಾಚೆಯ ಮುಖದೊಂದಿಗೆ ಮಾತನಾಡದಿರುವುದು ತಿರಸ್ಕಾರವಲ್ಲ. ಆ ವಯಸ್ಸಿನಲ್ಲಿ ಸಂಬಂಧವೆಂದರೆ ಮೈಯ ಬಿಸುಪು, ಮಡಿಲು, ವಾಸನೆ, ಒಟ್ಟಿಗೆ ಕೂತು ತಿನ್ನುವುದು. ಬರಿಯ ಮಾತು ಅದಕ್ಕೆ ಸಾಲದು.

ಇಲ್ಲಿ ಒಂದು ಅಡ್ಡಮಾತು. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯನ್ನು ರೂಪಿಸಿದವರ ತಲೆಯಲ್ಲಿ ಜೈಲಿನ ಭೇಟಿ ಇದ್ದಿರಲಾರದು. ಆದರೂ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಟಿಕೆಟ್ ದುಡ್ಡು ಬೇಕಿಲ್ಲವೆಂಬುದು, ಕೈದಿಗಳ ಮಕ್ಕಳಿಗಾಗಿಯೇ ಬರೆದ ಎಷ್ಟೋ ಸುತ್ತೋಲೆಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಕೈದಿಯನ್ನು ಸಾಧ್ಯವಾದಷ್ಟು ಅವನ ಮನೆಗೆ ಹತ್ತಿರದ ಜೈಲಿನಲ್ಲಿಡಬೇಕೆಂದು ಮಂಡೇಲಾ ನಿಯಮಗಳು ಹೇಳುವುದೂ ಇದೇ ಕಾರಣಕ್ಕೆ. ಪ್ರತ್ಯೇಕ ಮಹಿಳಾ ಕಾರಾಗೃಹಗಳು ದೇಶದಲ್ಲಿ ಕೆಲವೇ ಇರುವುದರಿಂದ, ಅಲ್ಲಿಗೆ ಕಳಿಸಲ್ಪಟ್ಟ ತಾಯಂದಿರ ವಿಷಯದಲ್ಲಿ ಈ ದೂರ ಇನ್ನೂ ಹೆಚ್ಚು.

ಭೇಟಿಯನ್ನು ಮಗುವಿಗೆ ಒಗ್ಗುವಂತೆ ಮಾಡುವುದು ದುಬಾರಿ ಕೆಲಸವಲ್ಲವೆಂಬುದಕ್ಕೆ ನೆರೆಯ ಮಹಾರಾಷ್ಟ್ರದಲ್ಲೇ ಉದಾಹರಣೆಯಿದೆ. ಅಲ್ಲಿಯ ಕಾರಾಗೃಹ ಇಲಾಖೆ 'ಗಳಾಭೇಟ್' ಎಂಬ ಹೆಸರಿನಲ್ಲಿ, ಎಂದರೆ ಅಪ್ಪುಗೆಯ ಭೇಟಿ, ಹದಿನಾರು ವರ್ಷದೊಳಗಿನ ಮಕ್ಕಳು ಶಿಕ್ಷೆ ಅನುಭವಿಸುತ್ತಿರುವ ತಂದೆ ಅಥವಾ ತಾಯಿಯೊಂದಿಗೆ ಜಾಲರಿ-ಗಾಜುಗಳ ಅಡ್ಡಿಯಿಲ್ಲದೆ ಕೂತು ಮಾತನಾಡಲು ಅವಕಾಶ ಕಲ್ಪಿಸಿತು. ಬೇಕಾದದ್ದು ಒಂದು ಅಂಗಳ, ಒಂದಿಷ್ಟು ಚಾಪೆ, ತಪಾಸಣೆಯ ವ್ಯವಸ್ಥೆ ಮತ್ತು ಅನುಮತಿ ನೀಡುವ ಮನಸ್ಸು. ಮಹಿಳಾ ಕೈದಿಗಳ ಬಗ್ಗೆ 2010ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳ 28ನೇ ನಿಯಮವೂ ಇದನ್ನೇ ಹೇಳುತ್ತದೆ: ಮಕ್ಕಳು ಬರುವ ಭೇಟಿಯ ವಾತಾವರಣ ಹಿತವಾಗಿರಬೇಕು, ತಾಯಿ ಮಗು ಮುಟ್ಟಿ ಮಾತನಾಡುವಂತಿರಬೇಕು, ಸಿಬ್ಬಂದಿಯ ನಡವಳಿಕೆಯೂ ಆ ವಾತಾವರಣದ ಭಾಗ. ಕೊನೆಯ ಅಂಶ ಚಿಕ್ಕದಲ್ಲ. ಮಗುವಿನ ಮೈಯನ್ನು ತಪಾಸಣೆ ಮಾಡುವ ವಾರ್ಡರ್ ಮೊದಲು ಮಗುವಿನ ಹೆಸರು ಕೇಳಿದರೆ, 'ಈ ಮಿಷನ್ನು ಕೀಂ ಅನ್ನುತ್ತದೆ, ಹೆದರಬೇಡ' ಎಂದರೆ, ಮುಂದಿನ ಸಲ ಆ ಮಗು ಗೇಟಿನ ಬಳಿ ಅಳದೆ ಬರಬಹುದು. ಶಾಲೆಗೆ ಹೋಗುವ ಮಕ್ಕಳಿಗೆ ಭಾನುವಾರವೋ ಶನಿವಾರದ ಮಧ್ಯಾಹ್ನವೋ ಭೇಟಿಯ ಸಮಯವಿಲ್ಲದಿದ್ದರೆ, ಪ್ರತಿ ಭೇಟಿಗೂ ಶಾಲೆಗೆ ಚಕ್ಕರ್ ಹೊಡೆಯಬೇಕು, ಮಾರನೆಯ ದಿನ ಕಾರಣವನ್ನೂ ಹೇಳಬೇಕು.

2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ದೇಶದ 1,382 ಜೈಲುಗಳ ಸ್ಥಿತಿಗತಿಯ ಪ್ರಕರಣದಲ್ಲಿ, ಕುಟುಂಬದ ಭೇಟಿಗಳನ್ನು ಉತ್ತೇಜಿಸಬೇಕು, ಅವುಗಳ ಅವಧಿಯನ್ನೋ ಸಂಖ್ಯೆಯನ್ನೋ ಹೆಚ್ಚಿಸಬೇಕು, ಫೋನು ಮತ್ತು ವಿಡಿಯೋ ಸಂವಾದದ ಸಾಧ್ಯತೆಯನ್ನು ನೋಡಬೇಕು ಎಂದಿತ್ತು. ಕೆಲಸ ವೇಗ ಪಡೆದದ್ದು 2020ರಲ್ಲಿ, ಕೊರೊನಾದಿಂದಾಗಿ ನೇರ ಭೇಟಿಗಳು ನಿಂತಾಗ. ಇ-ಪ್ರಿಸನ್ಸ್ ಎಂಬ ಜೈಲುಗಳ ಆನ್‌ಲೈನ್ ವ್ಯವಸ್ಥೆಯ ಇ-ಮುಲಾಖಾತ್ ಮೂಲಕ ಈಗ ಮನೆಯಿಂದಲೇ ಹೆಸರು ನೋಂದಾಯಿಸಿ ವಿಡಿಯೋದಲ್ಲಿ ಮಾತನಾಡಬಹುದು. ಜೈಲು ರಾಜ್ಯ ಪಟ್ಟಿಯ ವಿಷಯವಾದ್ದರಿಂದ ಎಷ್ಟು ಸಲ, ಎಷ್ಟು ನಿಮಿಷ ಎಂಬ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ತಂತ್ರಜ್ಞಾನ ಇಲ್ಲಿ ವರವೇ ಸರಿ, ಆದರೆ ಎಲ್ಲ ವಯಸ್ಸಿಗೂ ಒಂದೇ ರೀತಿಯಲ್ಲಲ್ಲ. ಒಂದು ವರ್ಷದ ಮಗುವಿಗೆ ಫೋನಿನ ದನಿ ಗುರುತಿನ ದನಿಯಾಗಿ ಉಳಿಯಬೇಕಾದರೆ ಅದು ಪದೇ ಪದೇ ಕೇಳಬೇಕು. ತಿಂಗಳಿಗೊಮ್ಮೆ ಹತ್ತು ನಿಮಿಷಕ್ಕಿಂತ ವಾರಕ್ಕೆರಡು ಸಲ ಎರಡು ನಿಮಿಷ ಮೇಲು. ಎರಡು-ಮೂರು ವರ್ಷದ ಮಗು ಪರದೆಯ ಮೇಲಿನ ಮುಖವನ್ನು ಗುರುತಿಸುತ್ತದೆ, ಆದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು 'ನೋಡು, ಅಪ್ಪನಿಗೆ ನಿನ್ನ ಚಪ್ಪಲಿ ತೋರಿಸು' ಎಂದು ನಡೆಸಿಕೊಟ್ಟರೆ ಮಾತ್ರ ಅದು ಸಂವಾದವಾಗುತ್ತದೆ. ಐದು-ಆರು ವರ್ಷದವರೊಂದಿಗೆ 'ಊಟ ಆಯ್ತಾ, ಚೆನ್ನಾಗಿ ಓದು' ಎಂಬ ಎರಡು ವಾಕ್ಯಗಳಿಗೆ ಮಾತು ಮುಗಿದುಹೋಗುವುದು ಹೆಚ್ಚಿನ ತಂದೆಯರ ಅನುಭವ. ಒಗಟು ಕೇಳುವುದು, ಒಂದೇ ಕಥೆಯನ್ನು ಕಂತುಗಳಲ್ಲಿ ಹೇಳಿ ಮುಂದಿನ ಕರೆಗೆ ಉಳಿಸುವುದು, ಹಿಂದಿನ ಸಲ ಹೇಳಿದ ಬೆಕ್ಕಿನ ಮರಿಗೆ ಏನಾಯಿತೆಂದು ವಿಚಾರಿಸುವುದು ಆ ಮೌನವನ್ನು ತುಂಬುತ್ತದೆ.

ಕಥೆಯ ಮಾತು ಬಂದದ್ದರಿಂದ ಇಂಗ್ಲೆಂಡಿನ ಒಂದು ಪ್ರಯೋಗವನ್ನು ಹೇಳಬೇಕು. ಅಲ್ಲಿಯ ಡಾರ್ಟ್‌ಮೂರ್ ಜೈಲಿನಲ್ಲಿ 2003ರಲ್ಲಿ ಆರಂಭವಾದ ಸ್ಟೋರಿಬುಕ್ ಡ್ಯಾಡ್ಸ್ ಎಂಬ ಸಂಸ್ಥೆ, ಕೈದಿಗಳು ತಮ್ಮ ಮಕ್ಕಳಿಗಾಗಿ ಓದುವ ಮಲಗುವ ಹೊತ್ತಿನ ಕಥೆಗಳನ್ನು ಧ್ವನಿಮುದ್ರಿಸಿ ಮನೆಗೆ ಕಳಿಸುತ್ತದೆ. ಇದರ ಅನುಕೂಲ ಸರಳವಾದದ್ದು: ಭೇಟಿಯ ಸಮಯವನ್ನು ನಿರ್ಧರಿಸುವುದು ಜೈಲು, ಧ್ವನಿಮುದ್ರಿತ ಕಥೆಯನ್ನು ಯಾವಾಗ ಕೇಳಬೇಕೆಂದು ನಿರ್ಧರಿಸುವುದು ಮಗು, ಬೇಕೆನಿಸಿದರೆ ಒಂದೇ ರಾತ್ರಿ ಏಳು ಸಲ ಕೇಳಬಹುದು. ನಮ್ಮಲ್ಲಿ ಇದನ್ನು ಮಾಡಲು ಓದುಬರಹ ಬಾರದಿರುವುದು ಅಡ್ಡಿಯಲ್ಲ. ಅಕ್ಷರ ತಿಳಿಯದ ತಾಯಿಗೂ ಜೋಗುಳ ಬರುತ್ತದೆ, ಅಜ್ಜಿ ಹೇಳಿದ ಕಾಗಕ್ಕ-ಗುಬ್ಬಕ್ಕನ ಕಥೆ ಬರುತ್ತದೆ, ಊರಿನ ಜಾತ್ರೆಯಲ್ಲಿ ತೇರು ಹೇಗೆ ಎಳೆಯುತ್ತಿದ್ದರೆಂದು ಹೇಳಲು ಬರುತ್ತದೆ. ಜೈಲಿನ ಸಿಬ್ಬಂದಿ ಕೇಳಿ ಪರಿಶೀಲಿಸಿದ ಐದು ನಿಮಿಷದ ಧ್ವನಿಯನ್ನು ಅಜ್ಜಿಯ ಮೊಬೈಲಿಗೆ ಕಳಿಸಲು ಯಾವ ದೊಡ್ಡ ಯೋಜನೆಯೂ ಬೇಕಿಲ್ಲ. ಪತ್ರದ ವಿಷಯವೂ ಹಾಗೆಯೇ. ಚಿಕ್ಕ ಮಗುವಿಗೆ ಪತ್ರವೆಂದರೆ ಚಿತ್ರ. ತಂದೆ ಬರೆದ ಅರ್ಧ ಚಿತ್ರಕ್ಕೆ ಮಗು ಬಣ್ಣ ತುಂಬಿ ಹಿಂತಿರುಗಿಸುವ ಕ್ರಮ ಇಟ್ಟುಕೊಂಡರೆ ಒಂದೇ ಹಾಳೆಯ ಮೇಲೆ ಇಬ್ಬರ ಕೈ ಆಡಿದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಮಗುವಿಗೆ ನಿಜ ತಿಳಿದಿಲ್ಲದಿದ್ದರೆ ನಂಟು ಸುಳ್ಳಿನ ಮೇಲೆ ನಿಲ್ಲುತ್ತದೆ. 'ಅಪ್ಪ ದುಬೈಗೆ ಹೋಗಿದ್ದಾರೆ', 'ಅಮ್ಮ ಆಸ್ಪತ್ರೆಯಲ್ಲಿದ್ದಾಳೆ' ಎಂದು ಮನೆಯವರು ಹೇಳುವುದು ಮಗುವಿನ ಮೇಲಿನ ಪ್ರೀತಿಯಿಂದಲೇ. ಆದರೆ ಹಳ್ಳಿಯಲ್ಲಿ ಗುಟ್ಟು ನಿಲ್ಲುವುದಿಲ್ಲ; ಶಾಲೆಯ ಅಂಗಳದಲ್ಲಿ ಬೇರೆ ಹುಡುಗನ ಬಾಯಿಂದ ನಿಜ ಹೊರಬರುತ್ತದೆ, ಆಮೇಲೆ ಮಗು ಮನೆಯವರು ಹೇಳುವ ಯಾವ ಮಾತನ್ನೂ ನಂಬುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಮೂರರಿಂದ ಆರು ವರ್ಷದ ಮಕ್ಕಳು ಜಗತ್ತಿನಲ್ಲಿ ಆಗುವುದಕ್ಕೆಲ್ಲ ತಾವೇ ಕಾರಣವೆಂದು ಭಾವಿಸುವ ವಯಸ್ಸಿನವರು. 'ನಾನು ಹಟ ಮಾಡಿದೆ, ಅದಕ್ಕೆ ಅಮ್ಮ ಹೋದಳು' ಎಂದು ಮಗು ತನ್ನಷ್ಟಕ್ಕೆ ನಿರ್ಧರಿಸಿಬಿಡುತ್ತದೆ. ವಯಸ್ಸಿಗೆ ತಕ್ಕಷ್ಟು ನಿಜ ಸಾಕು. 'ಅಪ್ಪ ಒಂದು ನಿಯಮ ಮುರಿದರು ಎಂದು ಪೊಲೀಸರು ಹೇಳುತ್ತಿದ್ದಾರೆ. ಅದು ಹೌದೋ ಅಲ್ಲವೋ ಎಂದು ನ್ಯಾಯಾಧೀಶರು ನೋಡುತ್ತಾರೆ. ಅಲ್ಲಿಯವರೆಗೆ ಅಪ್ಪ ಜೈಲು ಎಂಬ ಜಾಗದಲ್ಲಿರುತ್ತಾರೆ. ಅಲ್ಲಿ ಊಟ ಕೊಡುತ್ತಾರೆ, ಮಲಗಲು ಜಾಗವಿದೆ. ಇದು ನಿನ್ನ ತಪ್ಪಿನಿಂದ ಆದದ್ದಲ್ಲ.' ಇದರಲ್ಲಿ ಸುಳ್ಳಿಲ್ಲ, ಮಗುವಿಗೆ ಭಾರವಾಗುವ ವಿವರವೂ ಇಲ್ಲ. ಯಾವಾಗ ಬರುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಕಷ್ಟ, ಏಕೆಂದರೆ ವಿಚಾರಣಾಧೀನ ಕೈದಿಯ ವಿಷಯದಲ್ಲಿ ದೊಡ್ಡವರಿಗೇ ಉತ್ತರ ತಿಳಿದಿರುವುದಿಲ್ಲ. ಆಗ 'ಹಬ್ಬಕ್ಕೆ ಬರುತ್ತಾರೆ' ಎನ್ನುವುದಕ್ಕಿಂತ 'ಗೊತ್ತಿಲ್ಲ, ಗೊತ್ತಾದ ದಿನವೇ ನಿನಗೆ ಹೇಳುತ್ತೇನೆ' ಎನ್ನುವುದು ಉತ್ತಮ.

ಈ ಮಾತುಗಳನ್ನಾಡಬೇಕಾದವರು ಬಹುತೇಕ ಅಜ್ಜ-ಅಜ್ಜಿ, ಚಿಕ್ಕಪ್ಪ, ಸೋದರತ್ತೆ. ನಂಟಿನ ಸೇತುವೆ ಅವರೇ, ಅವರು ದಣಿದರೆ ಸೇತುವೆ ಕುಸಿಯುತ್ತದೆ. ಆದ್ದರಿಂದ ಅವರ ಕೈಗೆ ಬರಬೇಕಾದ ನೆರವು ಈ ವಿಷಯದ ಅಂಚಿನಲ್ಲಿಲ್ಲ, ನಡುವಿನಲ್ಲೇ ಇದೆ. ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಆರೈಕೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂದು ಗುರುತಿಸಿದರೆ, ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿಯ ನೆರವಿಗೆ ಅರ್ಜಿ ಹಾಕಬಹುದು. ಕುಟುಂಬದ ಆದಾಯ ಮುಂತಾದ ಷರತ್ತುಗಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ದೆಹಲಿ ಸರ್ಕಾರ 2014ರಲ್ಲಿ ಕೈದಿಗಳ ಮಕ್ಕಳ ಜೀವನ, ಶಿಕ್ಷಣ ಮತ್ತು ಕ್ಷೇಮಕ್ಕೆಂದೇ ಪ್ರತ್ಯೇಕ ಯೋಜನೆ ಮಾಡಿತು. ಕರ್ನಾಟಕ ಸರ್ಕಾರ ಶಿಕ್ಷೆಗೊಳಗಾದ ಕೈದಿಗಳ ದಿನಗೂಲಿಯನ್ನು ಐನೂರು ರೂಪಾಯಿ ದಾಟಿಸಿದ ಮೇಲೆ, ಜೈಲಿನಲ್ಲಿ ಕೆಲಸ ಮಾಡುವ ತಂದೆ ಮನೆಗೆ ಹಣ ಕಳಿಸಬಲ್ಲ. 'ಇದು ಅಪ್ಪ ಕಳಿಸಿದ ದುಡ್ಡಿನ ಸ್ಲೇಟು' ಎಂದು ಅಜ್ಜಿ ಹೇಳಬಲ್ಲಳು. ಆದರೆ 2022ರ ಅಂಕಿಅಂಶದಂತೆ ದೇಶದ ಕೈದಿಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ವಿಚಾರಣಾಧೀನರು. ಈ ಕೂಲಿ ಅವರಿಗಲ್ಲ. ಶಾಲೆಯ ವಿಷಯದಲ್ಲಿ ಒಂದು ಮಾತು ನೆನಪಿರಲಿ: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಪೊಲೀಸರು ಬಂದ ರಾತ್ರಿಯ ಗಡಿಬಿಡಿಯಲ್ಲಿ ಮನೆ ಬಿಟ್ಟುಬಂದ ಮಕ್ಕಳ ಬಳಿ ಕಾಗದಪತ್ರಗಳಿರುವುದು ಅಪರೂಪ.

ಆ ರಾತ್ರಿಯ ಬಗ್ಗೆಯೂ ಯೋಚಿಸಬೇಕು. ಬಂಧನದ ಸುದ್ದಿಯನ್ನು ಸಂಬಂಧಿಕರಿಗೆ ತಿಳಿಸಬೇಕೆಂಬ ನಿಯಮ ನಮ್ಮಲ್ಲಿ ಗಟ್ಟಿಯಾಗಿದೆ. 'ಮನೆಯಲ್ಲಿ ಮಗುವಿದೆಯೇ, ಈ ರಾತ್ರಿ ಅದು ಯಾರ ಬಳಿ ಮಲಗುತ್ತದೆ' ಎಂಬ ಪ್ರಶ್ನೆಗೆ ಅಷ್ಟು ಮಹತ್ವ ಸಿಕ್ಕಿಲ್ಲ. ಬ್ಯಾಂಕಾಕ್ ನಿಯಮಗಳ ಎರಡನೇ ನಿಯಮವು ಮಕ್ಕಳನ್ನು ನೋಡಿಕೊಳ್ಳುವ ಹೊಣೆಯಿರುವ ಮಹಿಳೆಗೆ ಜೈಲಿಗೆ ಸೇರುವ ಮುನ್ನ ಅಥವಾ ಸೇರುವಾಗ ಮಕ್ಕಳ ವ್ಯವಸ್ಥೆ ಮಾಡಲು ಅವಕಾಶ ಕೊಡಬೇಕು, ಅಗತ್ಯವಿದ್ದರೆ ಬಂಧನವನ್ನು ಕೆಲಕಾಲ ಮುಂದೂಡಲೂಬಹುದು ಎನ್ನುತ್ತದೆ. ಯಾರೂ ಇಲ್ಲದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ನನ್ನ ಅಭಿಪ್ರಾಯದಲ್ಲಿ ಮಗುವಿಗೆ ತಂದೆತಾಯಿಯ ನಂಟು ಉಳಿಸಿಕೊಡುವ ಅತ್ಯುತ್ತಮ ಕ್ರಮ ಜೈಲಿನೊಳಗೆ ಮಾಡುವಂಥದ್ದಲ್ಲ, ಅನಗತ್ಯವಾಗಿ ಜೈಲಿನಲ್ಲಿರುವವರನ್ನು ಹೊರಗೆ ತರುವುದು. ಜಾಮೀನು ಮಂಜೂರಾಗಿಯೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರಿದ್ದಾರೆ. ಅಂಥ ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆ ಆರಂಭದಲ್ಲಿ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಗೊಳಗಾದವರ ದಂಡದ ಬಾಬ್ತಿಗೆ 25,000 ರೂಪಾಯಿವರೆಗೆ ನೆರವನ್ನು ಗೊತ್ತುಪಡಿಸಿತ್ತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಅವಧಿಯನ್ನು ವಿಚಾರಣೆಯಲ್ಲೇ ಕಳೆದಿದ್ದರೆ, ಬೇರೆ ಪ್ರಕರಣಗಳು ಬಾಕಿಯಿಲ್ಲದಿದ್ದಲ್ಲಿ, ಬಾಂಡ್ ಮೇಲೆ ಬಿಡುಗಡೆಗೆ ಅರ್ಹರಾಗುತ್ತಾರೆ. ಆ ಅವಧಿ ತುಂಬಿದಾಗ ನ್ಯಾಯಾಲಯಕ್ಕೆ ಬರೆಯಬೇಕಾದವರು ಜೈಲಿನ ಅಧೀಕ್ಷಕರೇ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಸಹಾಯವಾಣಿಯ ಸಂಖ್ಯೆ 15100. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗಲೇ ಮಗುವನ್ನು ನೆನೆಯಬೇಕೆಂಬ ವಿಚಾರಕ್ಕೆ ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ 2007ರಲ್ಲಿ ದಾರಿ ತೋರಿತು. ವಂಚನೆಯ ಪ್ರಕರಣದಲ್ಲಿ ಸೆರೆವಾಸಕ್ಕೆ ಗುರಿಯಾಗಿದ್ದ, ಮೂವರು ಗಂಡುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ತಾಯಿಯನ್ನು ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಬರೆದ ಬಹುಮತದ ತೀರ್ಪು ಜೈಲಿನ ಬದಲು ಸಮಾಜದೊಳಗಿನ ಮೇಲ್ವಿಚಾರಣೆಗೆ ಒಳಪಡಿಸಿತು; ಮಕ್ಕಳನ್ನು ಮುಖ್ಯವಾಗಿ ಸಾಕುವವರಿಗೆ ಶಿಕ್ಷೆ ಕೊಡುವಾಗ ಆ ಮಕ್ಕಳ ಮೇಲಾಗುವ ಪರಿಣಾಮವನ್ನು ನ್ಯಾಯಾಲಯ ತಾನಾಗಿ ವಿಚಾರಿಸಬೇಕೆಂದಿತು.

ಎಲ್ಲ ನಂಟನ್ನೂ ಉಳಿಸಲೇಬೇಕೆಂದು ಇದರರ್ಥವಲ್ಲ. ಮಗುವಿನ ಮೇಲೆಯೇ ದೌರ್ಜನ್ಯ ನಡೆಸಿದವನು, ಮಗುವಿನ ಕಣ್ಣೆದುರೇ ತಾಯಿಯನ್ನು ಕೊಂದವನು ತಂದೆಯೆಂಬ ಕಾರಣಕ್ಕೆ ಭೇಟಿ ಕೇಳಿದರೆ, ನಿರ್ಧಾರ ಮಗುವಿನ ಮನಸ್ಥಿತಿಯನ್ನು ಬಲ್ಲವರ ಸಲಹೆಯ ಮೇಲೆ, ಮಗುವಿನ ಇಷ್ಟವನ್ನು ಕೇಳಿ ಆಗಬೇಕು, ಬೇಡವೆನಿಸಿದರೆ ಬೇಡ. ಕೆಲವು ಮಕ್ಕಳು ಪತ್ರಕ್ಕೆ ಒಪ್ಪುತ್ತಾರೆ, ಮುಖ ನೋಡಲು ಒಪ್ಪುವುದಿಲ್ಲ. ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಮಗುವಿನ ಹಿತವನ್ನು ಹೊರಗಿಟ್ಟು ಮಾತನಾಡದಿರುವುದು ಇಂಥ ಸಂದರ್ಭಗಳಿಗಾಗಿಯೇ.

ಕೊನೆಯ ಹಂತ ಬಿಡುಗಡೆ, ಇದಕ್ಕೆ ಸಿದ್ಧತೆ ಬಹಳ ಕಡಿಮೆ. ಎರಡು ವರ್ಷದವಳಿದ್ದಾಗ ಬಿಟ್ಟುಹೋದ ಮಗಳು ಏಳು ವರ್ಷದವಳಾಗಿರುತ್ತಾಳೆ. ತಂದೆಯ ನೆನಪಿನಲ್ಲಿ ಅವಳಿನ್ನೂ ಎರಡು ವರ್ಷದವಳೇ. ಮನೆಗೆ ಬಂದವನು ಮೊದಲ ದಿನವೇ ಓದು, ಮಾತು, ನಡತೆಗಳನ್ನು ತಿದ್ದಲು ಹೊರಡುತ್ತಾನೆ. ಮಗು ಅನುಮತಿಗಾಗಿ ಅಜ್ಜಿಯ ಮುಖ ನೋಡುತ್ತದೆ, ಅದರಿಂದ ಅವನಿಗೆ ಅವಮಾನವಾದಂತಾಗುತ್ತದೆ. ಪೆರೋಲ್ ಮೇಲೆ ಬರುವ ಕೆಲವು ದಿನಗಳನ್ನು ಈ ಅಭ್ಯಾಸಕ್ಕೆ ಬಳಸಿಕೊಳ್ಳಬಹುದು: ಮಗುವನ್ನು ಶಾಲೆಯವರೆಗೆ ಬಿಟ್ಟುಬರುವುದು, ಟೀಚರಿಗೆ ಮುಖ ತೋರಿಸುವುದು, ಅದರ ಗೆಳೆಯರ ಹೆಸರು ಕಲಿಯುವುದು. ಮರಳಿ ಹೋಗುವ ದಿನಾಂಕವನ್ನು ಬಂದ ದಿನವೇ ಮಗುವಿಗೆ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುವುದು ಒಳ್ಳೆಯದು. ಪೂರ್ತಿ ಬಿಡುಗಡೆಯಾದ ಮೇಲೂ ಮೊದಲ ಕೆಲವು ತಿಂಗಳು ಮಗು ಅಜ್ಜಿಯ ಪಕ್ಕದಲ್ಲೇ ಮಲಗಲಿ. ತಂದೆ ಸಂಜೆಯ ಕಥೆಯನ್ನು ಮಾತ್ರ ತನ್ನ ಪಾಲಿಗೆ ಇಟ್ಟುಕೊಳ್ಳಲಿ, ಫೋನಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಕಥೆ ಇದ್ದರೆ ಅಲ್ಲಿಂದಲೇ ಮುಂದುವರಿಸಲಿ.